ಮೊದಲ ಪುಟದ ಶುಭಾಶಯ

ಅತೀಕ್,

ನಿನ್ನ ಕುರ್ಚಿ ಮುರಿದಿದೆ. ಇವತ್ತು ಮಧ್ಯಾಹ್ನ ಅದನ್ನೇ ಎತ್ತಿ ಕಿಶೋರ ಸರ್‌ಗೆ ಹೊಡೆದರು.

ದೆಹಲಿಯಿಂದ ಒಬ್ಬಳು ಬಂದಿದ್ದಳು. ಸಣ್ಣ ಊರಿನ ಪತ್ರಿಕೆಗಳು ಎಷ್ಟು ಸ್ವತಂತ್ರವಾಗಿವೆ ಎಂದು ಅಧ್ಯಯನ ಮಾಡುವವಳು. "ನಿಮ್ಮ ಮೇಲೆ ಯಾರದ್ದಾದರೂ ಒತ್ತಡ ಇದೆಯಾ?" ಎಂದು ಕೇಳಿದಳು.

"ಶಿರಸಿಯಲ್ಲಿ ಅಂಥದ್ದೆಲ್ಲ ಇಲ್ಲ" ಎಂದು ನಮ್ಮ ಸಂಪಾದಕ ಕಿಶೋರ ಸರ್ ನಗುತ್ತಿರುವಾಗಲೇ ಇಬ್ಬರು ಒಳಗೆ ನುಗ್ಗಿದರು. ಎಕ್ಕಂಬಿ ಕಾಡಿನ ಮರಗಳ್ಳತನದ ಸುದ್ದಿ ಹಾಕಿದ್ದಕ್ಕೆ ಸಿಟ್ಟು. ಕುರ್ಚಿ ಮುರಿದ ಮೇಲೆ ಸರ್ ಬರೆಯುವ ಕೈಯನ್ನು ಮೇಜಿಗೆ ಒತ್ತಿ ಹಿಡಿದು, ಕುರ್ಚಿಯ ಕಾಲಿನಿಂದಲೇ ಬೆರಳು ಜಜ್ಜಿದರು. ರಕ್ತ ನನ್ನ ಕೀಬೋರ್ಡಿಗೂ ಸಿಡಿಯಿತು. ಹೋಗುವಾಗ ಒಬ್ಬ ನನ್ನ ಮುಂದೆ ಪೆನ್‌ಡ್ರೈವ್ ಎಸೆದ.

"ನಾಳೆ ಅಣ್ಣನ ಹುಟ್ಟಿದಹಬ್ಬ. ಫಸ್ಟ್ ಪೇಜಿಗೇ ಹಾಕ್ರಿ."

ಸಂಜೆ ಸರ್ ಆಸ್ಪತ್ರೆಯಿಂದ ಫೋನ್ ಮಾಡಿದರು. "ಹೊಡೆದದ್ದು 'ಯಾರೋ ಅಪರಿಚಿತರು' ಹೇಳಿ ಬರಿ, ಮಧುರಾ. ಜಾಹೀರಾತು ಇಲ್ದೇ ಪೇಪರ್ ಉಳಿತಿಲ್ಲೆ."

ಜಾಹೀರಾತು ತೆರೆದೆ. ಅವರ ನಾಯಕ 'ಅಣ್ಣ'ನ ದೊಡ್ಡ ಫೋಟೊದ ಕೆಳಗೆ 'ಶುಭ ಕೋರುವವರು' ಎಂದು ಅವರಿಬ್ಬರೇ ಹಲ್ಲುಕಿರಿಯುತ್ತಿದ್ದರು, ಹೆಸರು ಸಮೇತ. ಆ ಎರಡು ಮುಖಗಳನ್ನೂ ಹೆಸರುಗಳನ್ನೂ ಕತ್ತರಿಸಿ ಹಲ್ಲೆಯ ಸುದ್ದಿಗೆ ಹಾಕಿದೆ. ಶುಭಾಶಯದಲ್ಲಿ ಈಗ ಅಣ್ಣ ಒಬ್ಬನೇ ನಗುತ್ತಿದ್ದಾನೆ. ಪುಟ ಅಚ್ಚಿಗೆ ಹೋಯಿತು.

ನೀನು ಸತ್ತ ಸುದ್ದಿಯಲ್ಲಿ 'ಅಪರಿಚಿತ ಲಾರಿ ಡಿಕ್ಕಿ' ಎಂದಿತ್ತು. ಯಲ್ಲಾಪುರ ರಸ್ತೆಯಲ್ಲಿ ಲಾರಿಯೊಂದು ಬೆನ್ನು ಹತ್ತಿದೆ ಎಂದು ಫೋನಿನಲ್ಲಿ ನೀನು ಓದಿ ಹೇಳಿದ ಅದರ ನಂಬರ್ ನನಗೆ ಇನ್ನೂ ಬಾಯಿಪಾಠ, ಅತೀಕ್.