ಒಂದೇ ಮರದ ತೊಲೆ

ಅಣ್ಣನಿಗೆ,

ಗೋಡೆಯಾಚೆ ಇರುವವನಿಗೆ ಪತ್ರ ಬರೆಯುವುದು ನಗೆಪಾಟಲೇ. ಏನು ಮಾಡಲಿ, ನಾನು ಕರೆದರೆ ನೀನು ಬಾಗಿಲು ತೆಗೆಯುವುದಿಲ್ಲ.

ನಮ್ಮ ಹಳ್ಳಿಯ ಈ ಹಳೇ ಬೀದಿಯನ್ನು ಪಾರಂಪರಿಕ ಬೀದಿ ಎಂದು ಸಾರಿದವರು, ಮುಂಗೋಡೆ ಮುಟ್ಟಬೇಡಿ ಎಂದಷ್ಟೇ ಹೇಳಿ ಹೋದರು, ಒಳಗೆ ಕಾಲಿಡಲಿಲ್ಲ. ಅದೇ ನೆಪದಲ್ಲಿ ನೀನು ಒಳಗಿನದೆಲ್ಲ ಕೆಡವುತ್ತಿದ್ದೀಯ. ನಿನ್ನ ಪಾಲು, ನಿನ್ನಿಷ್ಟ. ಆದರೆ ಮುತ್ತಜ್ಜನ ಕಾಲದಲ್ಲಿ ಇಲ್ಲಿ ಮನೆಗೊಂದೇ ಮರದ ತೊಲೆ ಹಾಕುತ್ತಿದ್ದರು. ಪಾಲಾದಾಗ ನಾವು ನಡುವೆ ಗೋಡೆ ಎಬ್ಬಿಸಿದೆವು, ತೊಲೆ ಕತ್ತರಿಸಲಿಲ್ಲ. ನಿನ್ನ ನಡುಮನೆಯ ತೊಲೆಯೇ ಗೋಡೆ ತೂರಿ ಬಂದು ನನ್ನ ಅಟ್ಟವನ್ನೂ ಹೊತ್ತಿದೆ. ನಿನ್ನ ಕಡೆಯ ಏಟಿಗೆ ಈಗಾಗಲೇ ನನ್ನ ಗೋಡೆ ಬಿರುಕು ಬಿಟ್ಟಿದೆ.

"ಆ ಕಡೆ ಕೊಯ್ದ್ರೆ ಈ ಕಡೆ ಅಟ್ಟ ನಿಲ್ಲಲ್ಲಕ್ಕ," ಅಂದ, ಬಿರುಕು ತೋರಿಸಲು ನಾನು ಕರೆಸಿದ ಬಡಗಿ.

ನನ್ನ ಕಡೆ ಅಮ್ಮನ ಮಂಚ ಆ ತೊಲೆಯ ಕೆಳಗೇ ಇದೆ. ಸರಿಸಲು ಹೋದರೆ, "ಮುಟ್ಬೇಡ. ಕೊಯ್ಯೋನು ನನ್ನ ಮಗ ತಾನೇ, ನೋಡೇಬಿಡ್ತೀನಿ," ಎಂದು ಹಟ ಹಿಡಿದಿದ್ದಾಳೆ.

ಗರಗಸ ಇಡುವ ಮೊದಲು ಗೋಡೆ ತಟ್ಟು. ಅವಳನ್ನು ಹೇಗಾದರೂ ಹೊರಗೆ ಕರೆತಂದು ನಾನೂ ತಟ್ಟುತ್ತೇನೆ. ಈ ಕಡೆಯಿಂದ ಸದ್ದು ಬರದಿದ್ದರೆ, ನಾನೂ ಅವಳ ಪಕ್ಕದಲ್ಲೇ ಕೂತಿದ್ದೇನೆ ಎಂದು ತಿಳಿ.

ನಿನ್ನ ತಂಗಿ