ಬೆಟ್ಟದ ಮೇಲಿನವರು ಕುಡಿದ ನೀರು

ಅವ್ವಾ,

ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿದೆ. ತಾಳು, ಈಗಲೇ ಹೇಳುವುದಿಲ್ಲ. ನಮ್ಮ ಜೊತೆ ಬೆಟ್ಟ ಹತ್ತಿಯೇ ಕೇಳಬೇಕು ನೀನು.

ನೆನಪಿದೆಯಾ, ಶಿಕಾರಿಪುರದಿಂದ ಬಸ್ಸು ಬದಲಿಸಿ ಬದಲಿಸಿ ಚಂದ್ರಗುತ್ತಿಗೆ ಹೋಗುತ್ತಿದ್ದದ್ದು? ಗುಡಿಯಲ್ಲಿ ಹಣ್ಣುಕಾಯಿ ಮಾಡಿಸಿಕೊಂಡು ಎಲ್ಲರೂ ವಾಪಸ್ ಬಸ್ಸಿಗೆ ಓಡಿದರೆ, ನೀನು ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಬೆಟ್ಟದ ಮೇಲಿನ ಕೋಟೆಯ ದಾರಿ ಹಿಡಿಯುತ್ತಿದ್ದೆ. ನಿನ್ನದೊಂದು ಕಾನೂನು: ಎಲ್ಲರಿಗಿಂತ ಸಣ್ಣವರು ಮುಂದೆ. ಅವರನ್ನು ಯಾರೂ ದಾಟುವಂತಿಲ್ಲ, ಎತ್ತಿಕೊಳ್ಳುವಂತಿಲ್ಲ. ಅವರು ಸಾಕೆಂದರೆ ಎಲ್ಲರಿಗೂ ಸಾಕು. ಸಣ್ಣವಳು ನಾನು. ಅರ್ಧ ದಾರಿಯ ಆ ಸೀಳುಬಂಡೆ ಬಂತೆಂದರೆ ಕುಕ್ಕರಿಸಿಬಿಡುತ್ತಿದ್ದೆ, ಪ್ರತಿಸಲವೂ. "ಈ ಮಾರಾಯ್ತಿ ಇರೋತನಕ ನಾವು ಕೋಟೆ ನೋಡಿದ್ಹಂಗೇ ಐತಿ" ಎಂದು ಅಣ್ಣ ಹಲ್ಲು ಕಡಿಯುತ್ತಿದ್ದ. ನೀನು ಮಾತ್ರ ತಣ್ಣಗೆ ಮಂಡಕ್ಕಿ ಗಂಟು ಬಿಚ್ಚುತ್ತಿದ್ದೆ.

ಮಂಡಕ್ಕಿ ಮೆಲ್ಲುತ್ತ ಮೇಲೆ ನೋಡಿ ಅದೇ ಮಾತು. "ಅಲ್ಲಲೇ, ಅಷ್ಟು ಮ್ಯಾಲೆ ಇದ್ದ ಹೆಂಗಸ್ರು ನೀರಿಗೆ ಏನ್ ಮಾಡ್ತಿದ್ರೋ? ಕೆಳಗಿಂದ ಹೊತ್ರ ಅವರ ಸೊಂಟದ ಗತಿ ಏನು?" ಬೀದಿ ನಲ್ಲಿಯಿಂದ ದಿನಾ ಕೊಡ ಹೊತ್ತು ತರುತ್ತಿದ್ದ ನಿನಗೆ ರಾಜ, ಯುದ್ಧ ಯಾವುದೂ ಬೇಕಿರಲಿಲ್ಲ. ಇದೊಂದು ತಿಳಿಯಬೇಕಿತ್ತು. ಊರವರನ್ನು ಕೇಳೋಣವೆಂದರೆ "ಕೇಳಬ್ಯಾಡ, ನಾವೇ ನೋಡಾಣ" ಎನ್ನುತ್ತಿದ್ದೆ. ನಾನು ದೊಡ್ಡವಳಾದೆ, ಅಷ್ಟರಲ್ಲಿ ನಿನ್ನ ಮೊಣಕಾಲು... ಹೋಗಲಿ ಬಿಡು.

ಹೋದ ಭಾನುವಾರ ನಾವು ಹೋಗಿದ್ದೆವು. ನಾನು, ನಿನ್ನ ಅಳಿಯ, ಎಂಟು ವರ್ಷದ ಶಶಾಂಕ, ಐದರ ತನು. ತನು ಹುಟ್ಟುವಾಗ ನೀನಿರಲಿಲ್ಲ. ಗಲ್ಲ ನಿನ್ನದು, ಹಟ ನನ್ನದು. ಕಾನೂನಿನಂತೆ ಅವಳೇ ಮುಂದೆ. ಇರುವೆ ಸಾಲು ಕಂಡರೆ ನಿಲ್ಲುವುದು, ಕಡ್ಡಿ ಕಂಡರೆ ಎತ್ತಿಕೊಳ್ಳುವುದು. ಅಷ್ಟು ನಿಧಾನಕ್ಕೆ ಹತ್ತಿದರೆ ಬೆಟ್ಟದಲ್ಲಿ ಏನೇನೆಲ್ಲ ಕಾಣುತ್ತದೆ ಅವ್ವಾ! ಹಿಂದೆ ನಡೆಯುತ್ತ ನೀನು ಇದನ್ನೆಲ್ಲ ನೋಡುತ್ತಿದ್ದೆಯಾ, ಇಲ್ಲಾ ನನ್ನ ಕಾಲನ್ನೇ ನೋಡುತ್ತಿದ್ದೆಯಾ?

ಸೀಳುಬಂಡೆ ಬಂತು. ತನು ಕುಕ್ಕರಿಸಿದಳು. ಮತ್ತೆ ಇಲ್ಲಿಂದಲೇ ವಾಪಸ್ಸಾ? ಇವರು ಉಳವಿಯವರಲ್ಲವೇ, ಬೆಟ್ಟ ಹತ್ತುವುದೆಂದರೆ ಸಲೀಸು. "ಎತ್ಕಂಡ್ ಹೋಗಣ ಬಿಡೇ, ಇನ್ನೇನು ಸ್ವಲ್ಪ ಐತೆ" ಎಂದರು.

"ಬ್ಯಾಡ ರೀ, ಅವ್ವ ಒಪ್ಪಾಂಗಿಲ್ಲ."

"ಹಂಗಾರೆ ಫೋನಲ್ಲಾದ್ರೂ ನೋಡು. ಮೇಲೆ ನೀರೈತೋ ಇಲ್ವೋ ಗೊತ್ತಾಗುತ್ತೆ." ಅದೂ ಬೇಡವೆಂದೆ.

ತನು ತಲೆಯೆತ್ತಿ "ಯಾವ ನೀರು?" ಎಂದಳು. ಮಂಡಕ್ಕಿ ಕೈಗಿಟ್ಟು ನಿನ್ನ ಪ್ರಶ್ನೆ ಹೇಳಿದೆ. ಅವಳು ಬಾಯಿ ತುಂಬಿಕೊಂಡೇ ಯೋಚಿಸಿ, "ಹಂಗಾರೆ ಅವರು ಕಕ್ಕ ಮಾಡಿ ಎಲ್ಲಿ ತೊಳ್ಕತಿದ್ರು?" ಎಂದಳು. ಶಶಾಂಕ ಬಿದ್ದು ಬಿದ್ದು ನಕ್ಕ. ಅವಳು ನಗಲಿಲ್ಲ. ಎದ್ದಳು, ಲಂಗ ಕೊಡವಿಕೊಂಡಳು, ಮೇಲಕ್ಕೆ ಹೊರಟೇಬಿಟ್ಟಳು. ನಾವೆಲ್ಲ ಅವಳ ಹಿಂದೆ.

ಮೇಲೆ ಕೊಳ ಇದೆ ಅವ್ವಾ! ಬಂಡೆಗಳ ನಡುವೆ, ಹಸಿರು ನೀರು, ಅಂಚಿನಲ್ಲಿ ಒಂದು ಕಪ್ಪೆ. ತನು ಬಗ್ಗಿ ಬೀಳದಂತೆ ಲಂಗ ಹಿಡಿದುಕೊಂಡು ನೋಡುತ್ತ ನಿಂತೆ. ಅಳು ಬಂತು, ಅತ್ತುಬಿಟ್ಟೆ. ನೀನು ಪಕ್ಕದಲ್ಲಿರಬೇಕಿತ್ತು. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನು "ಬ್ಯಾಸಿಗ್ಯಾಗೂ ಇರತೈತೇನು? ಅವ್ವ ಇದ್ದಿದ್ರ ಅದನ್ನ ಕೇಳ್ತಿದ್ಲು ನೋಡು" ಎಂದ. ಹೌದಲ್ಲ! ಅದು ನನಗೆ ಗೊತ್ತಿಲ್ಲ. ಏಪ್ರಿಲ್‌ನಲ್ಲಿ ಅವನನ್ನೂ ಕರೆದುಕೊಂಡು ಹೋಗಿ ನೋಡುತ್ತೇವೆ, ತನು ಮುಂದೆ.

ಇಳಿಯುವಾಗ ಸೀಳುಬಂಡೆಯ ಹತ್ತಿರ ತನು ತಾನಾಗಿ ನಿಂತಳು. ನೀನು ಅಲ್ಲೇ ಕೂರುತ್ತಿದ್ದೆ ಎಂದು ಅವಳಿಗೆ ಹೇಳಿದ್ದೆನಲ್ಲ... ಖಾಲಿ ಬಂಡೆಯ ಕಡೆ ಬಗ್ಗಿ, ಕಿವಿ ಮಂದವಾದವರಿಗೆ ಹೇಳುವ ಹಾಗೆ ಜೋರಾಗಿ ಹೇಳಿದಳು.

"ಅಜ್ಜೀ, ಯಾರೂ ಹೊತ್ತಿಲ್ಲ. ನೀರು ಅಲ್ಲೇ ಐತಿ."