ಎರಡು ಕಲ್ಲಿನ ಲೋಟ

ಮೇ 19, ಭಾನುವಾರ ಮಧ್ಯಾಹ್ನ
ಶಿಬಿರದ ಉಗ್ರಾಣದ ಮೆಟ್ಟಿಲ ಮೇಲಿಂದ

ನನ್ನ ಮುದ್ದು ಮಗಳಿಗೆ,

ಅಮ್ಮನ ನೂರು ಮುತ್ತು. ಇಲ್ಲಿ ಎಲ್ಲರೂ ಕ್ಷೇಮ, ನನ್ನ ಎಡಮಂಡಿಯೊಂದನ್ನು ಬಿಟ್ಟು. ಇಳಿಜಾರು ಕಂಡರೆ ಸಾಕು, ಅದು ಮುನಿಸಿಕೊಂಡು ಕೂರುತ್ತದೆ.

ನಿನ್ನ ಪತ್ರ ಬಂದು ಇಪ್ಪತ್ತೆರಡು ದಿನವಾಯಿತು. ಉತ್ತರ ತಡವಾಯಿತೆಂದು ಬಯ್ಯಬೇಡ. ಶಿಬಿರ ನಡೆಯುತ್ತಿತ್ತು, ಉಸಿರಾಡಲೂ ಪುರುಸೊತ್ತಿರಲಿಲ್ಲ ಎಂದು ಬರೆದರೆ ಅದು ಅರ್ಧ ನಿಜ. ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಹಾಳೆ ಹರಿದು ಹಾಕಿದೆ. ಇವತ್ತು ಬೆಳಿಗ್ಗೆ ಮಕ್ಕಳೆಲ್ಲ ಬಸ್ಸು ಹತ್ತಿ ಹೋದರು. ಇನ್ನು ನೆಪಕ್ಕೂ ಯಾರೂ ಉಳಿದಿಲ್ಲ.

ಮಕ್ಕಳ ವಾರ್ಡಿನ ಹೊಣೆಯನ್ನು ನಿನಗೇ ಒಪ್ಪಿಸುತ್ತೇವೆ ಎಂದು ದೊಡ್ಡ ಡಾಕ್ಟರು ಕರೆದು ಹೇಳಿದ್ದನ್ನು ಬರೆದಿದ್ದೆಯಲ್ಲ, ಆ ಸಾಲನ್ನು ನಮ್ಮ ಅಡುಗೆಯವರಿಗೂ ಓದಿ ಹೇಳಿದೆ. ಅವರು ಸೌಟು ಹಿಡಿದೇ ಎರಡು ಹೆಜ್ಜೆ ಕುಣಿದರು. ಅದರ ಕೆಳಗಿದ್ದದ್ದನ್ನು ಮಾತ್ರ ಓದಲಿಲ್ಲ. "ಮೇ ಕೊನೇಲಿ ಆಗಲ್ಲ ಅಂತ ಹೇಳಿಬಿಡ್ತೀನಮ್ಮ. ಹನ್ನೊಂದು ಜನ ನರ್ಸುಗಳು ನನ್ನ ಮಾತು ಯಾಕೆ ಕೇಳ್ತಾರೆ? ನನ್ನ ಹಿಂದೆ ಎಷ್ಟು ಜನ ಬರ್ತಾರೆ ಅನ್ನೋದು ಹದಿಮೂರನೇ ವಯಸ್ಸಲ್ಲೇ ಗೊತ್ತಾಗಿದೆ, ನಿನ್ನ ಶಿಬಿರದಲ್ಲೇ. ಎರಡು ಕಲ್ಲು. ಅದರಲ್ಲೂ ಒಂದು ಅಯ್ಯೋ ಪಾಪ ಅಂತ ಹಾಕಿದ್ದು." ನೀನು ತಮಾಷೆಗೆ ಬರೆದಿದ್ದೀಯ. ನನಗೆ ನಗು ಬರಲಿಲ್ಲ.

ಇರಲಿ, ಮೊದಲು ಶಿಬಿರದ ಸುದ್ದಿ ಹೇಳುತ್ತೇನೆ. ಈ ಸಲ ನಲವತ್ತಾರು ಮಕ್ಕಳು. ಎಂಟರಿಂದ ಹತ್ತು ವರ್ಷದ ಚಿಕ್ಕವರನ್ನು ಸಾಲಾಗಿ ನಿಲ್ಲಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ, ಒಂದನ್ನು ಹಿಡಿದರೆ ಮೂರು ಹಾರುತ್ತವೆ. ಅವರು ಡೇರೆ ಕಟ್ಟಿದರು, ಅದು ಅವರ ಮೇಲೇ ಬಿತ್ತು, ಅದರಡಿಯಲ್ಲೇ ಆಟವಾಡಿಕೊಂಡರು. ಹದಿನೈದು ದಾಟಿದ ದೊಡ್ಡವರು ಬಂಡೆ ಹತ್ತಿದರು, ದೋಣಿಗೆ ಹುಟ್ಟು ಹಾಕಿದರು, ಮಿಕ್ಕ ಸಮಯದಲ್ಲಿ ನನಗೆ ಬುದ್ಧಿ ಹೇಳಿದರು. ನಡುವಿನ ತಂಡ, ಅಂದರೆ ಹನ್ನೊಂದರಿಂದ ಹದಿನಾಲ್ಕರವರು, ಒಟ್ಟು ಹದಿನೈದು ಮಕ್ಕಳು. ಅವರನ್ನು ನೋಡಿಕೊಂಡವನು ನಾವೆಲ್ಲ ಕೊಕ್ಕರೆ ಎಂದು ಕರೆಯುವ ಉದ್ದ ಕಾಲಿನ ಹೊಸ ತರಬೇತುದಾರ. ಒಳ್ಳೆಯವನು, ಸ್ವಲ್ಪ ಪುಕ್ಕಲ. ಅವನ ಹದಿಮೂರು ವರ್ಷದ ತಂಗಿಯೂ ಅದೇ ತಂಡದಲ್ಲಿದ್ದಳು. ಆ ವಯಸ್ಸಿಗೆ ಬೇರೆ ತಂಡವಾದರೂ ಎಲ್ಲಿದೆ?

ಕಲ್ಲು ಹಾಕುವ ಪದ್ಧತಿ ಈಗಲೂ ನಿನ್ನ ಕಾಲದಲ್ಲಿದ್ದ ಹಾಗೇ ಇದೆ. ಗುಡ್ಡಕ್ಕೆ ಹೋಗುವ ಹಿಂದಿನ ದಿನ ಮಕ್ಕಳ ತಗಡಿನ ಲೋಟಗಳನ್ನು ಉಗ್ರಾಣದಲ್ಲಿ ಸಾಲಾಗಿ ಇಡುತ್ತೇವೆ. ಪ್ರತಿಯೊಬ್ಬರೂ ಹೊಳೆಯಿಂದ ಒಂದು ಕಲ್ಲು ಆರಿಸಿ ತಂದು, ಒಬ್ಬೊಬ್ಬರಾಗಿ ಒಳಗೆ ಹೋಗಿ, ನಾಳೆ ಯಾರ ಹಿಂದೆ ನಡೆಯಲು ಇಷ್ಟವೋ ಅವರ ಲೋಟಕ್ಕೆ ಹಾಕಬೇಕು. ತನ್ನ ಲೋಟಕ್ಕೆ ತಾನೇ ಹಾಕಿಕೊಳ್ಳುವಂತಿಲ್ಲ. ಯಾರಿಗೆ ಹಾಕಿದೆ ಎಂದು ಜನ್ಮದಲ್ಲಿ ಬಾಯಿ ಬಿಡುವಂತಿಲ್ಲ. ಎಣಿಸಿದ ಮೇಲೆ ಲೋಟವನ್ನು ಕಲ್ಲಿನ ಸಮೇತ ಅವರವರ ಕೈಗೇ ಕೊಡುತ್ತೇವೆ. ಇದೆಲ್ಲ ನಿನಗೆ ಗೊತ್ತಿದ್ದದ್ದೇ. ಆದರೂ ಬರೆಯಬೇಕೆನಿಸಿತು.

ಗುರುವಾರ ಸಂಜೆ ನಾನು ಇದೇ ಮೆಟ್ಟಿಲ ಮೇಲೆ ಕೂತು, ಎಲ್ಲಾದರೂ ಎಳೆ ಬಿಟ್ಟಿದೆಯೋ ಎಂದು ಹಗ್ಗಗಳನ್ನು ಬೆರಳಿನಿಂದ ಸವರಿ ನೋಡುತ್ತಿದ್ದೆ. ಕೊಕ್ಕರೆ ಬಂದು ಮುಖ ಸಣ್ಣದು ಮಾಡಿಕೊಂಡು ನಿಂತ.

"ಮೇಡಂ, ನನ್ನ ತಂಗಿಗೆ ಎಂಟು ಬಿದ್ದಿದೆ. ಅವಳ ನಂತರದವಳಿಗೆ ನಾಲ್ಕು."

"ಒಳ್ಳೇದಾಯ್ತಲ್ಲ."

"ಏನ್ ಒಳ್ಳೇದು? ಅಣ್ಣ ಎಣಿಸಿದ, ತಂಗಿ ಗೆದ್ದಳು ಅಂತಾರೆ. ಇದು ನನಗೆ ಮೊದಲನೇ ವರ್ಷ. ಇನ್ನೊಬ್ಬಳ ಹೆಸರು ಹೇಳಿಬಿಡ್ಲಾ? ನನ್ನ ತಂಗಿ ತಾನೇ, ಮನೇಲಿ ಏನಾದ್ರೂ ಹೇಳಿ ಸಮಾಧಾನ ಮಾಡ್ತೀನಿ."

"ಏನ್ ಹೇಳ್ತೀಯ?"

"ಏನೋ ಒಂದು."

"ಅವಳ ಲೋಟ ಅವಳ ಕೈಗೇ ಹೋಗುತ್ತಲ್ಲಪ್ಪ. ಅದನ್ನ ಏನ್ ಮಾಡ್ತೀಯ?"

ಅವನು ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದ. "ಅನ್ನೋರು ಅನ್ನಲಿ. ಎಂಟು ಬಿದ್ದಿದ್ರೆ ಎಂಟು ಅಂತ ಹೇಳು. ಒಂದು ಕಲ್ಲೂ ಮುಟ್ಟಬೇಡ!" ಎಂದೆ. ಅಷ್ಟು ಜೋರಾಗಿ ಹೇಳಬೇಕೆಂದು ನನಗಿರಲಿಲ್ಲ. ಅಡುಗೆಯವರು ಕಿಟಕಿಯಿಂದ ಇಣುಕಿ ನೋಡಿದರು.

"ಯಾಕ್ ಮೇಡಂ ಬೈತೀರಿ? ಹಿಂದೆ ಯಾವಾಗಾದ್ರೂ ಹೀಗಾಗಿತ್ತಾ?" ಎಂದು ಕೇಳಿದ. ನಾನು ಹಗ್ಗ ನೋಡುತ್ತಾ ಕೂತೆ.

ಅವನು ಎಂಟು ಎಂದೇ ಹೇಳಿದ. ಅಂದುಕೊಂಡ ಹಾಗೇ ಆಯಿತು. ಗುಂಡು ಮುಖದ ಒಬ್ಬಳು ಪಕ್ಕದವಳ ಕಿವಿಯಲ್ಲಿ, ಊರಿಗೆಲ್ಲ ಕೇಳುವ ಹಾಗೆ, "ಅಣ್ಣ ಮೇಷ್ಟ್ರಾದ್ರೆ ಇನ್ನೇನಾಗುತ್ತೆ" ಎಂದಳು. ಕೊಕ್ಕರೆಯ ಕಿವಿ ಕೆಂಪಾಯಿತು. ಅವನ ತಂಗಿ ಮಾತ್ರ ಲೋಟ ಅಲ್ಲಾಡಿಸಿ, ಕಲ್ಲುಗಳ ಸದ್ದು ಕೇಳಿ, ಇನ್ನೊಂದು ಸಲ ಅಲ್ಲಾಡಿಸಿದಳು.

ಮರುದಿನ ಗುಡ್ಡಕ್ಕೆ ಮಂಡಿಯ ಮಾತು ಕೇಳದೆ ನಾನೂ ಹೋದೆ. ಹುಡುಗಿ ಚುರುಕಾಗಿ ನಡೆದಳು, ದಾರಿ ಕವಲೊಡೆಯುವಲ್ಲಿ ಮಾತ್ರ ತಪ್ಪಿ ಎಡಕ್ಕೆ ತಿರುಗಿದಳು. ಎಡದ ದಾರಿ ಅರ್ಧ ಗಂಟೆ ನಡೆಸಿ ಮುಳ್ಳುಪೊದೆಯ ಮುಂದೆ ತಂದು ನಿಲ್ಲಿಸುತ್ತದೆ. ಕೊಕ್ಕರೆ ಬಾಯಿ ತೆರೆಯಲು ಹೋದಾಗ ಅವನ ತೋಳು ಹಿಡಿದುಕೊಂಡೆ. ಪೊದೆಯ ಮುಂದೆ ಅವಳು ತಲೆ ಕೆರೆದುಕೊಂಡಳು. ಆಮೇಲೆ ತಿರುಗಿ ನಿಂತು, "ತಪ್ಪು ನಂದೇ. ವಾಪಸ್ ಹೋಗೋಣ. ಯಾರ ಹತ್ರ ನೀರು ಕಮ್ಮಿ ಇದೆ?" ಎಂದಳು.

"ನನ್ನ ಹತ್ರ" ಎಂದಳು ಗುಂಡು ಮುಖದವಳು, ನೆಲ ನೋಡುತ್ತಾ. ಇವಳು ತನ್ನ ಬಾಟಲಿಯಿಂದ ಅರ್ಧ ನೀರು ಬಗ್ಗಿಸಿ ಕೊಟ್ಟಳು. ಬಂದ ದಾರಿಯಲ್ಲಿ ಎಲ್ಲರೂ ಹಿಂದಿರುಗಿದರು. ನನಗೆ ಆಶ್ಚರ್ಯವಾದದ್ದು ಇದು: ದಾರಿ ತಪ್ಪಿಸಿದವಳ ಹಿಂದೆಯೇ ಹದಿನಾಲ್ಕು ಮಕ್ಕಳೂ ಮತ್ತೆ ನಡೆದರು, ಒಬ್ಬರೂ ಗೊಣಗಲಿಲ್ಲ. ಮೇಲೆ ಮುಟ್ಟುವಾಗ ಮಧ್ಯಾಹ್ನ ಮೂರಾಗಿತ್ತು, ಬುತ್ತಿ ತಣ್ಣಗಾಗಿತ್ತು. ಆ ಹುಡುಗಿ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ತಿಂದಳು. ನಾನು ಬಂಡೆಯ ಆ ಬದಿಗೆ ಹೋಗಿ ಸ್ವಲ್ಪ ಅತ್ತೆ. ಕೊಕ್ಕರೆ ಬಂದು ಕೇಳಿದ್ದಕ್ಕೆ ಮಂಡಿನೋವು ಎಂದೆ.

ನಿನ್ನೆ ಇಡೀ ದಿನ ಡೇರೆಗಳನ್ನು ಒಣಗಿಸಿ ಮಡಚಿದೆವು. ಎರಡು ಹಗ್ಗ ಸವೆದಿದ್ದವು, ಕತ್ತರಿಸಿ ಬಟ್ಟೆ ಒಣಹಾಕಲು ಇಟ್ಟುಕೊಂಡೆ. ಅಡುಗೆಯವರು ನಿನಗೆ ನೆನಪು ಹೇಳಿದ್ದಾರೆ. "ನಮ್ಮ ಪುಟ್ಟಿ ದೊಡ್ಡ ನರ್ಸಮ್ಮ ಆದಮೇಲೆ ನನ್ನ ಬೆನ್ನುನೋವು ತೋರಿಸೋಕೆ ಬರ್ತೀನಿ" ಎನ್ನುತ್ತಾರೆ. ಅದು ಮಕ್ಕಳ ವಾರ್ಡು ಎಂದರೂ ಕೇಳುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎರಡು ಪಾಳಿ ಒಟ್ಟಿಗೆ ಮಾಡಬೇಡ. ನಿನ್ನ ಕೈಗೆ ಬಂದ ಮಕ್ಕಳೆಲ್ಲ ಬೇಗ ಗುಣವಾಗಿ ಮನೆಗೆ ಹೋಗಲಿ, ನೀನು ನೂರು ಕಾಲ ಚೆನ್ನಾಗಿರು.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ. ಪತ್ರದೊಳಗೆ ಬರೆಯುವ ಧೈರ್ಯ ಬರಲಿಲ್ಲ, ಅದಕ್ಕೇ ಸಹಿಯ ಕೆಳಗೆ ಬರೆಯುತ್ತಿದ್ದೇನೆ. ಆ ವರ್ಷ ಲೋಟಗಳನ್ನು ಎಣಿಸಿದವಳು ನಾನು. ನಿನ್ನದರಲ್ಲಿ ಎರಡು ಕಲ್ಲಿರಲಿಲ್ಲ, ಒಂಬತ್ತಿದ್ದವು. ನಾನು ಶಿಬಿರದ ಮುಖ್ಯಸ್ಥೆಯಾಗಿ ಅದು ಮೊದಲ ವರ್ಷ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಬೇರೆ ಮಕ್ಕಳ ಅಪ್ಪ ಅಮ್ಮಂದಿರು ಆಡಿಕೊಳ್ಳುತ್ತಾರೆ ಎಂದು ಹೆದರಿದೆ. ಏಳು ಕಲ್ಲು ತೆಗೆದು ಪಕ್ಕದ ಹುಡುಗಿಯ ಲೋಟಕ್ಕೆ ಹಾಕಿದೆ. ಖಾಲಿ ಲೋಟ ಕೊಡಲು ಮನಸ್ಸು ಬಾರದೆ ಎರಡನ್ನು ಬಿಟ್ಟೆ. ನಿನಗೆ ಯಾರೂ ಪಾಪ ಅಂತ ಕಲ್ಲು ಹಾಕಲಿಲ್ಲ, ಪಾಪ ಅಂತ ಬಿಟ್ಟವಳು ನಾನು. ಮಗಳು ತಾನೇ, ಮನೆಯಲ್ಲಿ ಹೇಳಿದರಾಯಿತು ಎಂದುಕೊಂಡಿದ್ದೆ. ಮನೆಗೆ ಬಂದ ಮೇಲೆ ನೀನು ಆ ಲೋಟ ತೊಳೆದು ಕವುಚಿಟ್ಟೆ, ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೀಗೇ ಹದಿನಾರು ವರ್ಷವಾಯಿತು. ಬಯ್ಯಬೇಕೆನಿಸಿದರೆ ಬಯ್ಯು, ಮಾತು ಬಿಡಬೇಕೆನಿಸಿದರೆ ಬಿಡು. ಆದರೆ ಡಾಕ್ಟರಿಗೆ ಆಗಲ್ಲ ಎನ್ನುವ ಮುಂಚೆ ಇದಿಷ್ಟು ತಿಳಿದಿರಲಿ: ಅವತ್ತು ನಿನ್ನನ್ನು ಬಿಟ್ಟು ಹದಿಮೂರು ಮಕ್ಕಳಿದ್ದರು, ಒಂಬತ್ತು ಜನ ನಿನ್ನ ಹಿಂದೆ ಬರಲು ಸಿದ್ಧರಿದ್ದರು. ಅಡ್ಡ ನಿಂತವಳು ನಾನೊಬ್ಬಳೇ.